ನಮ್ಮ ಕ್ಲಾಸಿನ ‘ಮೊಟ್ಟೆ’ ಯಾರಿಗಾದರೂ ನೆನಪಿದ್ದಾನಾ? ಶಿಡ್ಲಘಟ್ಟ ಕಡೆಯವರು ನೋಡಿ

ಕೊನೇ ಬೆಂಚು

ಇದು ಎಷ್ಟು ಜನಕ್ಕೆ ತಲುಪುತ್ತದೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ 2016ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ಇದ್ದರೆ ಓದಿ. ಸ್ಕೂಲು, ಊರು, ಅವನ ನಿಜವಾದ ಹೆಸರು ಯಾವುದನ್ನೂ ಹಾಕುವುದಿಲ್ಲ. ‘ಮೊಟ್ಟೆ’ ಅಂದರೆ ಸಾಕು, ಗೊತ್ತಿರುವವರಿಗೆ ಗೊತ್ತಾಗುತ್ತದೆ. ನೀವೂ ಹಾಕಬೇಡಿ, ಅವರಮ್ಮ ಇನ್ನೂ ಅದೇ ಊರಲ್ಲಿ ಅದೇ ಮನೆಯಲ್ಲಿದ್ದಾರೆ.

ಹೋದ ತಿಂಗಳು ಅಕ್ಕನ ಮಗುವಿನ ನಾಮಕರಣಕ್ಕೆ ಊರಿಗೆ ಹೋಗಿದ್ದೆ. ವಾಪಸ್ ಬರುವಾಗ ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲಿ ಅವರಮ್ಮ ಸಿಕ್ಕಿದರು. ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿ ಬಂದಿದ್ದರು, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ನನಗೆ ಗುರುತೇ ಸಿಗಲಿಲ್ಲ, ಅವರೇ ಕರೆದು ಮಾತಾಡಿಸಿದರು. ಕೆಲಸ ಎಲ್ಲಿ, ಸಂಬಳ ಎಷ್ಟು, ಮದುವೆ ಯಾವಾಗ, ಎಲ್ಲ ಆಯಿತು. ಬಸ್ಸು ಬಂತು, ನಾನು ಬ್ಯಾಗು ಎತ್ತಿಕೊಂಡೆ, ಆಗ ಕೇಳಿದರು. "ಅವನು ಸ್ಕೂಲಲ್ಲಿ ಹೆಂಗಿದ್ದಪ್ಪ? ಮಾತಾಡ್ತಿದ್ನಾ?"

"ಒಳ್ಳೇ ಹುಡುಗ ಅಮ್ಮ" ಅಂದೆ. ಅಷ್ಟೇ. 8ನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವನು ನಾನು, ನನ್ನ ಬಾಯಿಂದ ಬಂದಿದ್ದು ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಒಂದು ಮಾತು. ಬಸ್ಸಿನಲ್ಲಿ ವಿಜಯಪುರ ದಾಟುವವರೆಗೂ ಯೋಚನೆ ಮಾಡಿದೆ. ನೆನಪಿಗೆ ಬಂದಿದ್ದೆಲ್ಲ ಅವನು ಹೋದ ದಿನದ್ದೇ. ಕೃಷಿ ಹೊಂಡ, ಜನ, ಟಾರ್ಪಾಲು. ಅದರ ಆಚೆಗಿನ ಹುಡುಗ ಎಲ್ಲಿಗೆ ಹೋದ?

ಇನ್ನೊಂದು ಹೇಳಿಬಿಡುತ್ತೇನೆ, ಯಾರಿಗೂ ಹೇಳಿಲ್ಲ. ಅವನು ಹೋಗಿದ್ದು ಭಾನುವಾರ. ಸೋಮವಾರ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ಮಾಡಿಸಿ ರಜೆ ಕೊಟ್ಟರು. ನಾವು ಏಳೆಂಟು ಜನ ಸ್ಕೂಲ್ ಹಿಂದಿನ ಬಯಲಿಗೆ ಹೋಗಿ ಕ್ರಿಕೆಟ್ ಆಡಿದೆವು. ಗಣಿತದ ಟೆಸ್ಟ್ ತಪ್ಪಿತು ಅಂತ ಖುಷಿಯಾಗಿತ್ತು. ನಾನು 23 ರನ್ ಹೊಡೆದೆ. ಅವನ ನಗು ಹೇಗಿತ್ತು ಅನ್ನುವುದು ನೆನಪಿಲ್ಲ, ಈ 23 ನೆನಪಿದೆ ನೋಡಿ.

ದಯವಿಟ್ಟು ‘ಓಂ ಶಾಂತಿ’ ಹಾಕಬೇಡಿ, ಕೈಮುಗಿಯುವ ಚಿತ್ರ ಬೇಡ. ಅವನು ಏನು ಅಂದ, ಏನು ತಿಂದ, ಯಾರ ಜೊತೆ ಜಗಳ ಆಡಿದ, ಅಂಥದ್ದು ಬರೆಯಿರಿ. ಚಿಕ್ಕದಾದರೂ ಪರವಾಗಿಲ್ಲ. ಬರೆದಿಟ್ಟುಕೊಂಡು ಹೋಗಿ ಅವರಮ್ಮನಿಗೆ ಹೇಳಬೇಕು.


ದಿಬ್ಬೂರಹಳ್ಳಿ ಬಸ್ಸು

ಗುರು, ಮರೆಯೋಕೆ ಆಗುತ್ತಾ. ಆ ಹೆಸರು ಬಂದಿದ್ದೇ ನನ್ನ ಎದುರಿಗೆ. 9ನೇ ಕ್ಲಾಸು, ಹೊಸದಾಗಿ ಸಮಾಜದ ಮೇಷ್ಟ್ರು ಬಂದಿದ್ದರು, ಬೆಳಗಾವಿ ಕಡೆಯವರು. ಇವನು ನಾಲ್ಕು ದಿನ ಬಂದಿರಲಿಲ್ಲ. ಯಾಕೋ ಅಂದರು. "ಮೊಟ್ಟೆ ತಂದಿದ್ವಿ ಸಾರ್, 150" ಅಂದ. ಸರ್ ಒಂದು ನಿಮಿಷ ಅವನನ್ನೇ ನೋಡಿ, "ಒಂದೂವರಿ ನೂರ ತತ್ತಿ ತಿನ್ನಾಕ ಮನ್ಯಾಗ ಎಷ್ಟ ಮಂದಿ ಅದೀರೋ?" ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಇವನು ಮಾತ್ರ ನಗಲಿಲ್ಲ. ಪಾಪ ಸರ್‌ಗೆ ಗೊತ್ತಿಲ್ಲವಲ್ಲ ಅಂತ ಸೀರಿಯಸ್ಸಾಗಿ ಎದ್ದು ನಿಂತು ಪಾಠ ಶುರು ಮಾಡಿದ. ರೇಷ್ಮೆ ಮೊಟ್ಟೆ ಸಾರ್, ಒಂದು ಮೊಟ್ಟೆ ಅಂದ್ರೆ ಒಂದಲ್ಲ, ಒಂದು ಚಿಟ್ಟೆ ಇಟ್ಟಿದ್ದಷ್ಟೂ ಸೇರಿ ಒಂದು, ಅದರಲ್ಲಿ ನಾನೂರು ಐನೂರು ಇರ್ತವೆ, ಅಂತ. ಸರ್ ಸೀಮೆಸುಣ್ಣ ಅವನ ಕೈಗೇ ಕೊಟ್ಟರು. ಬೋರ್ಡಿನ ಮೇಲೆ ನಾಲ್ಕು ಜ್ವರದ ಲೆಕ್ಕ ಬರೆದ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಬಿಡುತ್ತದೆ, ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಎಷ್ಟು ಹಾಕಿದರೂ ಸಾಲದು, ಆ ಒಂದು ವಾರ ನಾನು ಸ್ಕೂಲಿಗೆ ಬರೋದಿಲ್ಲ ಸಾರ್, ಈಗಲೇ ಹೇಳ್ತಾ ಇದೀನಿ, ಅಂತ ಕೊನೆಗೆ ರಜಾ ಚೀಟಿಯನ್ನೂ ಬಾಯಲ್ಲೇ ಕೊಟ್ಟ.

ಅವರಮ್ಮನಿಗೆ ಇದನ್ನು ಹೇಳು. ಮಾತಾಡುತ್ತಿದ್ದನಾ ಅಂತ ಕೇಳಿದರಲ್ಲ.


ಬಿಸಿಯೂಟ

ನಾನು ಒಂದು ವರ್ಷ ಜೂನಿಯರ್. ಹಾಲಿನ ವಿಷಯ ನೆನಪಿದೆ. 2013ರಲ್ಲಿ ಕ್ಷೀರಭಾಗ್ಯ ಬಂತಲ್ಲ, ಸ್ಕೂಲಲ್ಲಿ ಪುಡಿ ಹಾಲು ಕಾಯಿಸಿ ಕೊಡುತ್ತಿದ್ದರು. ಅವನಿಗೆ ಅದರ ವಾಸನೆ ಆಗುತ್ತಿರಲಿಲ್ಲ, ತನ್ನ ಲೋಟ ನನಗೆ ಸುರಿಯುತ್ತಿದ್ದ. ಒಂದು ದಿನ ಅಂದ, "ನಮ್ಮ ಹಸೂದು ಹಾಲು ಡೈರಿಗೆ ಹೋಗಿ, ಪುಡಿಯಾಗಿ, ಲಾರಿ ಹತ್ತಿ, ತಿರುಗಾ ನನ್ನ ಲೋಟಕ್ಕೆ ಬರ್ತದೆ. ಇಷ್ಟು ಸುತ್ತು ಯಾಕೆ ಬೇಕಿತ್ತು? ನಾನೇ ಬರುವಾಗ ಕುಡ್ಕೊಂಡು ಬರ್ತಿದ್ನಲ್ಲ." ಈಗಲೂ ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಒಂದೊಂದು ಸಲ ಈ ಮಾತು ನೆನಪಾಗಿ ನಗು ಬರುತ್ತದೆ.


ಕೆರೆ ಏರಿ

ಅವನು ತಾಲ್ಲೂಕು ಮಟ್ಟದಲ್ಲಿ ಲಾಂಗ್ ಜಂಪ್ ಗೆದ್ದಿದ್ದ, ಅಲ್ವಾ?


ದಿಬ್ಬೂರಹಳ್ಳಿ ಬಸ್ಸು

ಅದು ಬಿ ಸೆಕ್ಷನ್‌ನವನು. ಇಬ್ಬರಿಗೂ ಒಂದೇ ಹೆಸರು. ನಮ್ಮವನು ಓಟದಲ್ಲಿ ಯಾವಾಗಲೂ ಕೊನೆ.


ಕೊನೇ ಬೆಂಚು

ಹಾಗಾದರೆ ಲಾಂಗ್ ಜಂಪ್ ಬೇಡ. ಕೊನೆ ಬರುತ್ತಿದ್ದ ಅಂತಲೇ ಬರೆದುಕೊಳ್ಳುತ್ತೇನೆ.


ರೀಲರ್ ಮಗ

ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಡಿ.

ನಮ್ಮ ಮನೆಯಲ್ಲಿ ರೀಲಿಂಗು, ಅಂದರೆ ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಕೆಲಸ. ಅಬ್ಬಾ ದಿನಾ ಬೆಳಿಗ್ಗೆ ಗೂಡು ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ಲಾಟು ಕೂಗಿಕೊಂಡು ಬರುತ್ತಿದ್ದರು. ಇವರ ಮನೆಯಲ್ಲಿ ಹುಳು. ಅಂದರೆ ಅವರು ಮಾರುವವರು, ನಾವು ಕೊಳ್ಳುವವರು, ಅವರು ರೇಟು ಏರಲಿ ಅನ್ನಬೇಕು, ನಾವು ಇಳಿಯಲಿ ಅನ್ನಬೇಕು. ಇದೇ ವಿಷಯಕ್ಕೆ ನಾವಿಬ್ಬರೂ ಊಟದ ಹೊತ್ತಲ್ಲಿ ಸುಮ್ನೆ ಜಗಳ ಆಡುತ್ತಿದ್ದೆವು, ದೊಡ್ಡವರ ಹಾಗೆ. "ನಿಮ್ಮಪ್ಪ ಮೊನ್ನೆ ನಮ್ಮ ಲಾಟಿಗೆ ಹತ್ತು ರೂಪಾಯಿ ಕಮ್ಮಿ ಕೂಗಿದ್ರು" ಅನ್ನುತ್ತಿದ್ದ. "ನಿಮ್ಮ ಗೂಡಲ್ಲಿ ಅರ್ಧ ಊಜಿ ಹೊಡೆದಿತ್ತು" ಅನ್ನುತ್ತಿದ್ದೆ ನಾನು. ಊಜಿ ನೊಣ ಹುಳುವಿನ ಮೇಲೆ ಮೊಟ್ಟೆ ಇಟ್ಟರೆ ಆ ಗೂಡು ತೂತಾಗುತ್ತದೆ, ಎಳೆ ಬಿಚ್ಚೋಕೆ ಬರುವುದಿಲ್ಲ. ಅವನಿಗೆ ಆ ಮಾತು ಅಂದರೆ ಮಾತ್ರ ಸಿಟ್ಟು. ಚಡ್ಡಿ ಜೇಬಿನಿಂದ ಒಂದು ಗೂಡು ತೆಗೆದು ನನ್ನ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಹುಳು ಟಕ್ ಟಕ್ ಅನ್ನುತ್ತಿತ್ತು. "ಕೇಳಿಸ್ತಾ? ಇದು ಊಜಿ ಹೊಡೆದಿರೋದಾ?"

ಒಂದು ಗೂಡಲ್ಲಿ ಒಂದು ಕಿಲೋಮೀಟರ್ ಹತ್ತಿರ ಎಳೆ ಇರುತ್ತದೆ ಅಂತ ವಿಜ್ಞಾನದ ಮೇಡಂ ಒಂದು ದಿನ ಅಂದರು. ನಮಗೆ ನಂಬಿಕೆ ಬರಲಿಲ್ಲ, ನಾನು ರೀಲರ್ ಮಗನಾಗಿ ನಾನೇ ನಂಬಲಿಲ್ಲ. ಇವನು ಅಳೆಯೋಣ ಅಂದ. ಬಿಸಿಯೂಟದ ಅಕ್ಕನನ್ನು ಕಾಡಿ ಬೇಡಿ ಒಂದು ಪಾತ್ರೆ ಕುದಿಯುವ ನೀರು ಇಸಿದುಕೊಂಡೆವು. ಒಂದು ಎಳೆ ನಿಲ್ಲುವುದಿಲ್ಲ, ಕಡಿದುಹೋಗುತ್ತದೆ, ಎಂಟು ಗೂಡು ಹಾಕಿ ಎಂಟೂ ಎಳೆ ಸೇರಿಸಿ ಎಳೆಯಬೇಕು ಅಂತ ಹೇಳಿದ್ದು ನಾನು. ಅಷ್ಟು ಕ್ರೆಡಿಟ್ ನನಗಿರಲಿ. ಪಾತ್ರೆ ಹತ್ತಿರ ನಾನು ಕೂತೆ, ಎಳೆಯ ತುದಿ ಎರಡು ಬೆರಳಲ್ಲಿ ಹಿಡಿದುಕೊಂಡು ಅವನು ನಡೆದ. ಅಡುಗೆ ಮನೆಯಿಂದ ಬಾವುಟದ ಕಂಬ, ಅಲ್ಲಿಂದ ಬೋರ್‌ವೆಲ್, ಅಲ್ಲಿಂದ ಗೇಟು. ಎರಡು ಸಲ ಕಡಿದು ಗಂಟು ಹಾಕಿದೆವು. ಗೂಡುಗಳು ಪಾತ್ರೆಯಲ್ಲಿ ಕುಣಿಯುತ್ತಿದ್ದವು. ಬಿಸಿಲಿಗೆ ನಿಂತರೆ ಆ ಎಳೆ ಒಂದು ಕಡೆಯಿಂದ ಕಾಣುತ್ತಿತ್ತು, ಇನ್ನೊಂದು ಕಡೆಯಿಂದ ಕಾಣುತ್ತಲೇ ಇರಲಿಲ್ಲ. ಅವನು ಗೇಟಿನಾಚೆ ಕೈ ಮೇಲೆತ್ತಿಕೊಂಡು ನಡೆಯುತ್ತಿದ್ದ, ಗಾಳಿಪಟ ಹಿಡಿದವನ ಹಾಗೆ, ಆದರೆ ಮೇಲೆ ಏನೂ ಇಲ್ಲ. ಆಗ ಹೆಡ್ ಮೇಷ್ಟ್ರು ಗಾಡಿಯಲ್ಲಿ ಬಂದು ಎಳೆಯ ಮಧ್ಯೆ ನುಗ್ಗಿ ಸೀದಾ ಒಳಗೆ ಹೋದರು. ಅವರಿಗೆ ಗೊತ್ತೇ ಆಗಲಿಲ್ಲ. ಸಾಯಂಕಾಲದವರೆಗೂ ಅವರ ಹೆಲ್ಮೆಟ್ಟಿಗೆ ಹಳದಿ ಎಳೆ ಅಂಟಿಕೊಂಡಿತ್ತು, ನಾವು ಕ್ಲಾಸಿನಲ್ಲಿ ತಲೆ ಬಗ್ಗಿಸಿಕೊಂಡು ನಕ್ಕಿದ್ದೇ ನಕ್ಕಿದ್ದು.

ಅವನು ವಾಪಸ್ ಬಂದು "ಇನ್ನೂ ಇತ್ತು ಕಣೋ, ಗೂಡಲ್ಲಿ ಇನ್ನೂ ಇತ್ತು" ಅಂದ. ಈಗ ನಾನೇ ರೀಲಿಂಗ್ ನೋಡಿಕೊಳ್ಳುತ್ತೇನೆ. ಅಬ್ಬಾಗೆ ಕೈಲಾಗುವುದಿಲ್ಲ. ಕೂಗು ಹೋಗಿ ಇ-ಹರಾಜು ಬಂದಿದೆ, ಮೊಬೈಲಲ್ಲಿ ರೇಟು ಹಾಕುತ್ತೇವೆ. ಅವರಮ್ಮನ ಲಾಟು ಒಂದೆರಡು ಸಲ ನನಗೇ ಬಿದ್ದಿದೆ. ನಾನು ಯಾರು ಅಂತ ಅವರಿಗೆ ಹೇಳಿಲ್ಲ. ಧೈರ್ಯ ಆಗಲಿಲ್ಲ. ಹೇಳಿದರೆ ರೇಟಿನ ಮಾತು ಕಷ್ಟ ಅಂತಲೂ ಇತ್ತು, ಸುಳ್ಳು ಯಾಕೆ ಹೇಳಲಿ.


ಅವನ ಹಿಂದಿನ ನಂಬರು

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನನ್ನ ರಿಜಿಸ್ಟರ್ ನಂಬರ್ ಅವನ ನಂತರದ್ದು. ಅವನು ಹೋಗಿ ನಾಲ್ಕು ತಿಂಗಳಾಗಿತ್ತು, ಆದರೂ ಬೆಂಚಿನ ಮೇಲೆ ಅವನ ನಂಬರ್ ಬರೆದಿದ್ದರು. 6 ಪೇಪರ್, 6 ದಿನವೂ ನನ್ನ ಮುಂದಿನ ಜಾಗ ಖಾಲಿ. ಮೊದಲನೇ ದಿನ ಕೊಠಡಿ ಮೇಲ್ವಿಚಾರಕರು "ಈ ಹುಡುಗ ಯಾಕೆ ಬಂದಿಲ್ಲ?" ಅಂತ ನನ್ನನ್ನೇ ಕೇಳಿದರು. ಹೇಳಿದೆ. ಎರಡನೇ ದಿನ ಬೇರೆಯವರು ಬಂದರು, ಅವರೂ ಕೇಳಿದರು. ಮೂರನೇ ದಿನದಿಂದ "ಗೊತ್ತಿಲ್ಲ ಸಾರ್" ಅಂದೆ. ಅವನ ಹತ್ತಿರ ಕಾಪಿ ಹೊಡೆಯೋಕೆ ಏನೂ ಇರುತ್ತಿರಲಿಲ್ಲ, ಗಣಿತದಲ್ಲಿ ಇಬ್ಬರೂ ಒಂದೇ ಥರ ದಡ್ಡರು. ಆದರೂ ಅಭ್ಯಾಸಕ್ಕೆ ತಲೆ ಎತ್ತಿ ಮುಂದೆ ನೋಡುತ್ತಿದ್ದೆ.


ಸುಮ್ನೆ ಇರಿ

ಬೇಜಾರು ಮಾಡಿಕೊಳ್ಳಬೇಡಿ, ಆದರೆ 10 ವರ್ಷದ ಹಿಂದಿನದನ್ನು ಈಗ ಕೆದಕಿ ಏನು ಉಪಯೋಗ? ಆ ತಾಯಿ ಹೇಗೋ ಸುಧಾರಿಸಿಕೊಂಡಿರುತ್ತಾರೆ, ನೀವು ಹೋಗಿ ಮತ್ತೆ ಅಳಿಸಿ ಬರುತ್ತೀರಿ. ಮತ್ತೆ ನಿಜ ಹೇಳಬೇಕು ಅಂದರೆ, ಹೊಂಡದಲ್ಲಿ ಈಜಬೇಡಿ ಅಂತ ಎಲ್ಲರಿಗೂ ಹೇಳಿದ್ದರು. ಅವನು ಕೇಳಲಿಲ್ಲ. ಈಗ ಅವನನ್ನು ದೇವರು ಮಾಡುವುದು ಬೇಡ.


ಕೊನೇ ಬೆಂಚು

ದೇವರು ಮಾಡುತ್ತಿಲ್ಲ ಮಾರಾಯ, ಓಟದಲ್ಲಿ ಕೊನೆ ಬರುತ್ತಿದ್ದ ಅಂತ ಬರೆದುಕೊಂಡಿದ್ದೇನೆ. ಮತ್ತೆ ಕೆದಕಿದ್ದು ನಾನಲ್ಲ, ಅವರಮ್ಮನೇ ಕೇಳಿದ್ದು. ಇಷ್ಟು ವರ್ಷ ಯಾರೂ ಅವನ ಹೆಸರು ಎತ್ತದೇ ಇದ್ದಿದ್ದಕ್ಕೇ ಅವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಬೇಕಾಯಿತು ಅನ್ನಿಸುತ್ತದೆ.

ಈಜೋಕೆ ಹೋಗಿದ್ದ ಅಂತಲೇ ನಾನೂ ಕೇಳಿದ್ದು. ಆದರೆ ಅವನಿಗೆ ಈಜು ಬರುತ್ತಿರಲಿಲ್ಲ. ನಮಗೆ ಯಾರಿಗೆ ಬರುತ್ತಿತ್ತು ಹೇಳು? ಕೆರೆ ತುಂಬಿದ್ದನ್ನೇ ನೋಡದೆ ಬೆಳೆದವರು ನಾವು. ಬೋರು ಸಾವಿರ ಅಡಿ ದಾಟಿದ್ದ ಊರು.


ಎರಡೆಕರೆ

ನಾನು ನಿಮ್ಮ ಬ್ಯಾಚಿನವನಲ್ಲ, ವಯಸ್ಸಾಗಿದೆ, ಚಿಂತಾಮಣಿ ಕಡೆ ರೈತ. ಹೊಂಡದ ಮಾತು ಬಂತಲ್ಲ ಅಂತ ಬರೆಯುತ್ತಿದ್ದೇನೆ.

ಕೃಷಿ ಭಾಗ್ಯ ಬಂದಿದ್ದು 2014ರಲ್ಲಿ. ಮಳೆ ನೀರು ಹಿಡಿದಿಟ್ಟುಕೊಳ್ಳಿ ಅಂತ ಹೊಂಡಕ್ಕೆ ಸಬ್ಸಿಡಿ ಕೊಟ್ಟರು. ಚಿಕ್ಕದು ಅಂದರೆ 10 ಮೀಟರ್ ಉದ್ದ, 10 ಅಗಲ, 3 ಆಳ. 3 ಮೀಟರ್ ಅಂದರೆ ಒಂದೂವರೆ ಆಳು. ನಮ್ಮ ಮಣ್ಣಲ್ಲಿ ನೀರು ಇಂಗಿಹೋಗುತ್ತದೆ ಅಂತ ಒಳಗೆ ಪ್ಲಾಸ್ಟಿಕ್ ಶೀಟು ಹಾಸುತ್ತಾರೆ. ಆ ಶೀಟೇ ಯಮ. ಬದಿ ಇಳಿಜಾರು, ಶೀಟು ನುಣುಪು, ಆರು ತಿಂಗಳಲ್ಲಿ ಅದರ ಮೇಲೆ ಪಾಚಿ. ಕೆರೆಗೆ ಬಿದ್ದವನಿಗೆ ಕಾಲಿಗೆ ಮಣ್ಣು ಸಿಗುತ್ತದೆ, ಕೈಗೆ ಜೊಂಡು ಸಿಗುತ್ತದೆ. ಬಾವಿಯಲ್ಲಿ ಕಲ್ಲಿನ ಸಂದು ಇರುತ್ತದೆ. ಹೊಂಡದಲ್ಲಿ ಹಿಡಿಯೋಕೆ ಏನೂ ಇಲ್ಲ. ಈಜು ಬರುವವನೂ ದಡದವರೆಗೆ ಬರುತ್ತಾನೆ, ಹತ್ತಲಾರ. ನಮ್ಮ ಪಕ್ಕದ ಹೊಲದಲ್ಲಿ ನಾಯಿ ಬಿದ್ದು ಮೂರು ಗಂಟೆ ಸುತ್ತು ಹೊಡೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೊನೆಗೆ ಏಣಿ ಬಿಟ್ಟು ತೆಗೆದೆವು.

ಈಚೆಗೆ ಯೋಜನೆಯಲ್ಲೇ ತಂತಿ ಬೇಲಿಯನ್ನೂ ಸೇರಿಸಿದ್ದಾರೆ. ಆದರೆ ಹಳೇ ಹೊಂಡ ಎಷ್ಟೋ ಇನ್ನೂ ಹಾಗೇ ಬಾಯಿ ಬಿಟ್ಟುಕೊಂಡಿವೆ. ಬೇಲಿಗೆ ದುಡ್ಡಿಲ್ಲದಿದ್ದರೆ ಒಂದು ಕೆಲಸ ಮಾಡಬಹುದು. ದಪ್ಪ ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ದಡದಲ್ಲಿ ಗೂಟ ಹೊಡೆದು ನಾಲ್ಕೂ ಕಡೆ ನೀರಿನೊಳಕ್ಕೆ ಇಳಿಬಿಡಿ. ಹಳೇ ಟೈರುಗಳನ್ನು ಸಾಲಾಗಿ ಕಟ್ಟಿ ಬಿಟ್ಟರೆ ಮೆಟ್ಟಿಲಾಗುತ್ತದೆ. ನನ್ನ ಹೊಂಡಕ್ಕೆ ಎರಡೂ ಹಾಕಿದ್ದೇನೆ. ಖರ್ಚು ಒಂದು ಮೂಟೆ ಗೊಬ್ಬರದ್ದೂ ಆಗಲಿಲ್ಲ.


ಹೆಸರು ಬೇಡ

ಎರಡು ದಿನದಿಂದ ಇದನ್ನು ಓದುತ್ತಿದ್ದೇನೆ. ಬರೆದು ಬರೆದು ಅಳಿಸಿದ್ದೇನೆ.

ಈಜೋಕೆ ಹೋಗಿರಲಿಲ್ಲ. ಅವತ್ತು ಅವನ ಜೊತೆ ಇದ್ದಿದ್ದು ನಾನು. ನನಗೆ ಆಗ 12. ಅವರ ಮನೆ ಹಿಂದಿನ ಬೀದಿ ನಮ್ಮದು, ಅಣ್ಣಾ ಅಂತಲೇ ಕರೆಯುತ್ತಿದ್ದೆ.

ಆ ನವೆಂಬರಿನಲ್ಲಿ ಮಳೆ ಹಿಡಿದಿತ್ತು. ಹುಳು ನಾಲ್ಕನೇ ಜ್ವರ ಎದ್ದಿದ್ದವು, ಸೊಪ್ಪು ಕೊಯ್ಯೋಕೆ ಹೋಗಿದ್ದ, ನಾನು ಸುಮ್ನೆ ಹಿಂದೆ ಹೋಗಿದ್ದೆ. ಒದ್ದೆ ಸೊಪ್ಪು ಹಾಕಬಾರದು, ಹುಳಕ್ಕೆ ರೋಗ ಬರುತ್ತದೆ ಅಂತ ಒಂದೊಂದು ಕಡ್ಡಿಯನ್ನೂ ಒದರಿ ಒದರಿ ಕಟ್ಟುತ್ತಿದ್ದ. ಬರುವಾಗ ಪಕ್ಕದ ಹೊಲದ ಹೊಂಡ ತುಂಬಿತ್ತು. ಅಷ್ಟು ನೀರು ಒಂದೇ ಕಡೆ ನಾನು ನೋಡಿರಲಿಲ್ಲ. ನನ್ನ ಕಾಲೆಲ್ಲ ಕೆಸರು. ತೊಳ್ಕೋತೀನಿ ಅಂದೆ. ಬೇಡ, ಮನೆಗೆ ಹೋಗಿ ತೊಳ್ಕೊ ಅಂದ. ನಾನು ಕೇಳಲಿಲ್ಲ, ದಂಡೆಯಲ್ಲಿ ಕೂತು ಕಾಲು ಬಿಟ್ಟೆ. ಒಂದು ಚಪ್ಪಲಿ ಕಳಚಿ ನೀರಿಗೆ ಹೋಯಿತು. ಹವಾಯಿ ಚಪ್ಪಲಿ, ನೀಲಿ ಪಟ್ಟಿ, ತಂದು ಒಂದು ವಾರ ಆಗಿತ್ತು. ಅಪ್ಪ ಹೊಡೀತಾರೆ ಅಂತ ಅತ್ತೆ.

ಅವನು ಸೊಪ್ಪಿನ ಕಟ್ಟು ಕೆಳಗಿಟ್ಟ. "ಅಳಬೇಡ್ರಾ, ತಾಳು" ಅಂದ. ಒಂದು ಹಿಪ್ಪುನೇರಳೆ ಕಡ್ಡಿ ತಗೊಂಡು ಬಗ್ಗಿ ಎಳೆಯೋಕೆ ನೋಡಿದ. ಸ್ವಲ್ಪ ದೂರ ಇತ್ತು. ಇನ್ನೊಂದು ಹೆಜ್ಜೆ ಶೀಟಿನ ಮೇಲೆ ಇಟ್ಟ. ಕೂತ ಹಾಗೇ ಜಾರಿದ. ಸದ್ದೇ ಆಗಲಿಲ್ಲ. ಮೇಲೆ ಬಂದ, ಶೀಟಿಗೆ ಎರಡೂ ಕೈ ಇಟ್ಟ, ಕೈ ಜಾರಿತು. ಮತ್ತೆ ಇಟ್ಟ. ಕಡ್ಡಿ ಇನ್ನೂ ಕೈಯಲ್ಲೇ ಇತ್ತು. ನಾನು ಓಡಿದೆ. ಟೊಮೆಟೊ ಹೊಲದಲ್ಲಿ ಜನ ಇದ್ದರು, ಅವರು ಬಂದು ಹಗ್ಗ ತಂದು ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಆಗಿತ್ತು. ಹೊಟ್ಟೆ ಒತ್ತಿದರು, ಯಾರೋ ಹೆಗಲ ಮೇಲೆ ತಲೆಕೆಳಗೆ ಹಾಕಿಕೊಂಡು ಗಿರಗಿರ ತಿರುಗಿಸಿದರು.

ಏನಾಯ್ತು ಅಂತ ಎಲ್ಲರೂ ಕೇಳಿದರು. ಈಜೋಕೆ ಇಳಿದ ಅಂದೆ. ಚಪ್ಪಲಿ ಅಂದರೆ ನನ್ನನ್ನು ಹೊಡೆದು ಸಾಯಿಸುತ್ತಾರೆ ಅಂದುಕೊಂಡೆ. ಆಮೇಲೆ ಇಡೀ ಊರು ಅದನ್ನೇ ಹೇಳಿತು, ಪೊಲೀಸಿನವರು ಅದನ್ನೇ ಬರೆದುಕೊಂಡರು, ನನಗೂ ಒಂದೊಂದು ಸಲ ಅದೇ ನಿಜ ಅನ್ನಿಸೋಕೆ ಶುರುವಾಯಿತು. ಮೇಲೆ ಒಬ್ಬರು ಅವನು ಹೇಳಿದ ಮಾತು ಕೇಳಲಿಲ್ಲ ಅಂತ ಬರೆದಿದ್ದಾರೆ. ಮಾತು ಕೇಳದೆ ಇದ್ದವನು ನಾನು.


ಸುಮ್ನೆ ಇರಿ

ತಪ್ಪಾಯಿತು. ನನಗೆ ಗೊತ್ತಿರಲಿಲ್ಲ. ಊರಲ್ಲಿ ಹೇಳಿದ್ದನ್ನೇ ಹೇಳಿದೆ.


ನರ್ಸಕ್ಕ

ತಮ್ಮಾ, ನಿನಗೆ ಬರೆಯುತ್ತಿದ್ದೇನೆ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್, ಇಂಥ ಕೇಸು ನೋಡಿದ್ದೇನೆ, ಒಂದಲ್ಲ ಎರಡಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಇಬ್ಬರೂ ಬರುವುದೇ ಜಾಸ್ತಿ. 12 ವರ್ಷದ ಹುಡುಗ ನೀರಿಗೆ ಇಳಿಯದೆ ಜನರನ್ನು ಕರೆಯೋಕೆ ಓಡಿದ್ದು ಸರಿ. ದೊಡ್ಡವರಿಗೂ ಅದನ್ನೇ ಹೇಳಿಕೊಡುತ್ತೇವೆ. ಇಳಿಯಬೇಡಿ, ಹಗ್ಗ, ಸೀರೆ, ಉದ್ದದ ಕೋಲು, ಖಾಲಿ ಕ್ಯಾನು ಏನಾದರೂ ಎಸೆಯಿರಿ, ಕೂಗಿ, 108ಕ್ಕೆ ಫೋನ್ ಮಾಡಿ. ನಿನ್ನ ಹತ್ತಿರ ಅವತ್ತು ಫೋನೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಇದ್ದಿದ್ದು ಕಾಲು, ಅದರಲ್ಲಿ ಓಡಿದೆ.

ಉಳಿದವರಿಗೆ ಒಂದು ಮಾತು. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡವೇ ಬೇಡ. ಅದರಲ್ಲಿ ಹೊತ್ತು ಹೋಗುತ್ತದೆ, ಹೊಟ್ಟೆಯಲ್ಲಿದ್ದಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಟ ಇಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಿ. ಆಮೇಲೆ ಎದೆಯ ಮಧ್ಯ 30 ಸಲ ಒತ್ತಿ, 2 ಸಲ ಉಸಿರು ಕೊಡಿ. ಆಂಬುಲೆನ್ಸ್ ಬರುವವರೆಗೂ ಇದೇ. ಗ್ರಾಮ ಪಂಚಾಯ್ತಿಯವರು ಹೇಳಿದರೆ ನಾವೇ ಬಂದು ಗೊಂಬೆ ಇಟ್ಟು ತೋರಿಸಿಕೊಡುತ್ತೇವೆ.

ಮತ್ತೆ ತಮ್ಮಾ, ಇದನ್ನು 10 ವರ್ಷ ಒಬ್ಬನೇ ಹೊತ್ತಿದ್ದೀಯ. 14416ಕ್ಕೆ ಫೋನ್ ಮಾಡು, ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ ಅದು, ದುಡ್ಡು ಕಟ್ಟುವ ಹಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚು ಹಿಡಿದವರಿಗೆ ಮಾತ್ರ ಅಲ್ಲ ಅದು.


ಹಳೇ ಮೇಷ್ಟ್ರು

ಆ ‘ತತ್ತಿ’ ಮಾತು ನಂದೇ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಇದನ್ನ ಕಳಿಸಿದ. ಈಗ ನಾನು ಊರ ಕಡೆ ವರ್ಗ ಆಗಿ ಬಂದೀನಿ.

ಕೊನೇ ಬೆಂಚಿನವನಿಗೆ ಒಂದು ಹೇಳಬೇಕು. ಸೋಮವಾರ ರಜಾ ಕೊಡೋಣ ಅಂತ ಹೇಳಿದವನು ನಾನೇ. ಸ್ಟಾಫ್ ರೂಮಿನಲ್ಲಿ ಯಾರಿಗೂ ಪಾಠ ಮಾಡುವ ಸ್ಥಿತಿ ಇರಲಿಲ್ಲ. ನೀವೆಲ್ಲ ಗೇಟಿನ ಹತ್ತಿರ ಏನು ಮಾಡಬೇಕು ಅಂತ ತಿಳಿಯದೆ ನಿಂತಿದ್ದಿರಿ. ಹೋಗ್ರೋ, ಏನಾರ ಆಡ್ರಿ, ಹಿಂಗ ನಿಂದರಬ್ಯಾಡ್ರಿ ಅಂದೆ. ಬ್ಯಾಟು ಸ್ಪೋರ್ಟ್ಸ್ ರೂಮಿನಿಂದ ತೆಗೆದು ಕೊಟ್ಟವನೂ ನಾನೇ. ನಿನಗೆ 23 ನೆನಪಿದೆ, ಬ್ಯಾಟು ಕೊಟ್ಟಿದ್ದು ಯಾರು ಅಂತ ನೆನಪಿಲ್ಲ ನೋಡು.

ಬೆಂಚಿನ ಮೇಲೆ ನಂಬರ್ ಇದ್ದಿದ್ದಕ್ಕೆ ಕಾರಣ, ಪರೀಕ್ಷೆಗೆ ಹೆಸರುಗಳು ಆಗಲೇ ಹೋಗಿದ್ದವು. ಹಾಜರಿ ಪುಸ್ತಕ ನನ್ನ ಹತ್ತಿರ ಇತ್ತು. ಹೆಸರಿನ ಮೇಲೆ ಗೆರೆ ಎಳೆಯಬೇಕು. ತಿಂಗಳ ಕೊನೆಯವರೆಗೂ ಎಳೆಯಲಿಲ್ಲ, ದಿನಾ ‘ಗೈ’ ಅಂತ ಹಾಕುತ್ತಾ ಹೋದೆ. ಹುಳು ಜ್ವರ ಎದ್ದಿವೆ, ಅದಕ್ಕೆ ಬಂದಿಲ್ಲ ಅಂತ ಇರಲಿ ಅನ್ನಿಸಿತು.


ಕೊನೇ ಬೆಂಚು

ಸರ್… ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬ್ಯಾಟು ಈಗ ನೆನಪಾಯಿತು. ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿತ್ತು.

‘ಹೆಸರು ಬೇಡ’, ನಿನ್ನ ನಂಬರ್ ಕಳಿಸು. ಭಾನುವಾರ ಹೋಗುತ್ತಿದ್ದೇವೆ. ಬರುವುದು ಬಿಡುವುದು ನಿನ್ನಿಷ್ಟ, ಯಾರೂ ಬಲವಂತ ಮಾಡುವುದಿಲ್ಲ. ರೀಲರ್, ನೀನು ಬರಲೇಬೇಕು, ರೇಟಿನ ಮಾತು ನಾವು ನೋಡಿಕೊಳ್ಳುತ್ತೇವೆ.


ಹೆಸರು ಬೇಡ

ಬರುತ್ತೇನೆ. ಏನು ಹೇಳಬೇಕು ಅಂತ ಗೊತ್ತಿಲ್ಲ.


ದಿಬ್ಬೂರಹಳ್ಳಿ ಬಸ್ಸು

ಇಲ್ಲಿ ಬರೆದೆಯಲ್ಲ, ಅಷ್ಟೇ ಹೇಳು.


ಕೊನೇ ಬೆಂಚು

ಹೋಗಿ ಬಂದೆವು. ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ನಾಲ್ಕು ಜನ ಹೋಗಿದ್ದೆವು. ಅವರಮ್ಮ ಹುಳು ಮನೆಯಿಂದ ಕೈ ಒರೆಸಿಕೊಂಡು ಬಂದರು, ಚಾಪೆ ಹಾಸಿದರು. ಮೊದಲು ಮೊಟ್ಟೆ ಕಥೆ ಹೇಳಿದೆವು. ಅವರು ನಗಲಿಲ್ಲ, "150 ಅಲ್ಲ, 100 ತಂದಿದ್ವಿ. ಜಾಸ್ತಿ ಹೇಳೋದು ಅವನ ಅಭ್ಯಾಸ" ಅಂದರು. ಹಾಲಿನ ಮಾತಿಗೆ ನಕ್ಕರು. ರೀಲರ್ ಎಳೆ ಹಿಡಿದು ನಡೆದಿದ್ದನ್ನು ಹೇಳಿದ, ಕೈ ಮೇಲೆತ್ತಿ ತೋರಿಸಿದ. ಅದನ್ನು ಎರಡು ಸಲ ಹೇಳಿಸಿಕೊಂಡರು.

ಆಮೇಲೆ ಆ ಹುಡುಗ ಹೇಳಿದ. ನೆಲ ನೋಡಿಕೊಂಡು, ನಿಲ್ಲಿಸದೆ ಹೇಳಿದ. ನಾವು ಯಾರೂ ಉಸಿರು ಬಿಡಲಿಲ್ಲ. ಅವರು ಪೂರ್ತಿ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ "ಚಪ್ಪಲಿ ಸಿಕ್ತಾ?" ಅಂದರು.

ಇಲ್ಲ ಅಂದ.

"ಈಜಕ್ಕೆ ಯಾಕೋ ಹೋದೆ, ಈಜಕ್ಕೆ ಯಾಕೋ ಹೋದೆ ಅಂತ ದಿನಾ ಅವನ ಫೋಟೋಗೆ ಬೈತಾ ಇದ್ದೆ" ಅಂದರು. ಅಷ್ಟೇ ಅಂದಿದ್ದು. ಆ ಹುಡುಗನ ತಲೆ ಮೇಲೆ ಕೈ ಇಟ್ಟರಾ, ಅಪ್ಪಿಕೊಂಡರಾ ಅಂತ ಕೇಳಬೇಡಿ, ಹಾಗೇನೂ ಆಗಲಿಲ್ಲ. ಎದ್ದು ಒಳಗೆ ಹೋದರು, ಒಲೆ ಹಚ್ಚಿದ ಸದ್ದು ಬಂತು. ಮುದ್ದೆ, ಹುರುಳಿ ಸಾರು. ಅವನ ತಟ್ಟೆಗೆ ಎರಡನೇ ಮುದ್ದೆ ಕೇಳದೆ ಹಾಕಿದರು.

ಊಟ ಆಗುವಷ್ಟರಲ್ಲಿ ಸೊಪ್ಪು ಹಾಕುವ ಹೊತ್ತಾಗಿತ್ತು, ಮೂರನೇ ಜ್ವರ ಎದ್ದಿದ್ದವು. ನಾವೂ ಹೋದೆವು. ನಾನು ಒಂದು ಕಡೆಯಿಂದ ಹಾಕಿಕೊಂಡು ಹೋಗುತ್ತಿದ್ದೆ, ಅವರು ಹಿಂದಿನಿಂದ ಬಂದು ಅರ್ಧ ತೆಗೆದು ಪಕ್ಕಕ್ಕೆ ಹರಡಿದರು. "ಒಂದೇ ಕಡೆ ಅಷ್ಟೊಂದು ಸುರೀಬೇಡಪ್ಪ, ಅಡೀಲಿರೋವು ಮೇಲೆ ಬರಕ್ಕಾಗಲ್ಲ. ಅವನೂ ಹಿಂಗೇ, ಆಟಕ್ಕೆ ಹೋಗೋ ಆತುರಕ್ಕೆ ಗುಡ್ಡೆ ಹಾಕ್ಬಿಟ್ಟು ಓಡ್ತಿದ್ದ."

ಆಮೇಲೆ ನಮಗೆ ಗೊತ್ತಿಲ್ಲದ್ದನ್ನೆಲ್ಲ ಅವರೇ ಹೇಳುತ್ತಾ ಹೋದರು. ಬಸ್ಸು ತಪ್ಪಿತು. ರೀಲರ್ ಗಾಡಿಯಲ್ಲಿ ಮೂರು ಜನ ಕೂತು ಶಿಡ್ಲಘಟ್ಟದವರೆಗೆ ಬಂದೆವು.